ನರದೊಳಗಿನ ಹಮಾಲರು

ಹಿರಿಯೂರಿನ ಹೆದ್ದಾರಿ ಬದಿ ಅರ್ಧ ಗಂಟೆ ನಿಂತು ನೋಡಿ. ಬೆಂಗಳೂರಿನ ಕಡೆಗೂ ಚಿತ್ರದುರ್ಗ, ಪುಣೆಯ ಕಡೆಗೂ ಲಾರಿಗಳ ಸಾಲು. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಎಲ್ಲವೂ ಲಾರಿಯೇರಿಯೇ ದೂರದ ಊರು ಸೇರಬೇಕು. ನಮ್ಮ ಬೆನ್ನುಹುರಿಯಿಂದ ಪಾದದವರೆಗೆ ಚಾಚಿರುವ ನರತಂತುವಿನ ಉದ್ದ ಸುಮಾರು 1 ಮೀಟರ್. ಅದರ ತುದಿಗೆ ಬೇಕಾದ ಪ್ರೋಟೀನುಗಳು ಬಹುಪಾಲು ತಯಾರಾಗುವುದು ಬೆನ್ನುಹುರಿಯ ಬಳಿ. ಅಷ್ಟು ದೂರ ಹೊತ್ತು ತರುವವರಾರು?

ಕೋಶದೊಳಗೆ ಚಲನೆಯಿದೆ ಎಂಬುದೇನೋ ಹಳೆಯ ಸುದ್ದಿ. ಕೊಳದಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯ ಕೋಶದಲ್ಲಿ ರಸ ಹರಿದಾಡುವುದನ್ನು ಇಟಲಿಯ ಬೊನಾವೆಂಟುರಾ ಕೋರ್ಟಿ 1774ರಲ್ಲೇ ಕಂಡಿದ್ದರು. ಅದನ್ನು ನಡೆಸುವ ಎಂಜಿನ್ ಸಿಕ್ಕಲು ಇನ್ನೂರು ವರ್ಷ ಹಿಡಿಯಿತು. 1983ರಲ್ಲಿ ಮೈಕೇಲ್ ಶೀಟ್ಜ್ ಮತ್ತು ಜೇಮ್ಸ್ ಸ್ಪುಡಿಚ್, ಕಾರಾದ ನಂಟನಾದ ನೈಟೆಲ್ಲಾದ ಕೋಶವನ್ನು ಸೀಳಿ, ಸ್ನಾಯುವಿನ ಮಯೋಸಿನ್ ಪ್ರೋಟೀನ್ ಲೇಪಿಸಿದ ಸೂಕ್ಷ್ಮ ಮಣಿಗಳನ್ನು ಅದರ ಆಕ್ಟಿನ್ ಎಳೆಗಳ ಮೇಲೆ ಬಿಟ್ಟರು. ಮಣಿಗಳು ಓಡಿದವು!

ನರದಲ್ಲಿಯೂ ಹೀಗೆಯೇ ಇರಬಹುದೆಂದು ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ರೊನಾಲ್ಡ್ ವೇಲ್ ಊಹಿಸಿದರು. ಪರೀಕ್ಷೆಗೆ ಸ್ಕ್ವಿಡ್ ಬೇಕು. ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಈ ಪ್ರಾಣಿಯ ನರತಂತು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಎಲ್ ನಿನೊ ಕಾರಣ ಆ ವರ್ಷ ಕ್ಯಾಲಿಫೋರ್ನಿಯದಲ್ಲಿ ಸ್ಕ್ವಿಡ್ ಸಿಗಲಿಲ್ಲ. ವೇಲ್ ಮತ್ತು ಶೀಟ್ಜ್ ಅಮೆರಿಕದ ಪೂರ್ವ ತೀರದ ವುಡ್ಸ್ ಹೋಲ್‌ಗೆ ಹೋದರು. ಅಲ್ಲಿ ಊಹೆ ಸುಳ್ಳಾಯಿತು. ಸರಕು ಓಡುತ್ತಿದ್ದುದು ಆಕ್ಟಿನ್ ಮೇಲಲ್ಲ, ಸೂಕ್ಷ್ಮನಾಳಗಳೆಂಬ ಬೇರೆಯೇ ಹಳಿಗಳ ಮೇಲೆ. 1985ರಲ್ಲಿ ಥಾಮಸ್ ರೀಸ್ ಜೊತೆ ಸೇರಿ ಹೊಸ ಪ್ರೋಟೀನನ್ನು ಬೇರ್ಪಡಿಸಿ ಕೈನೆಸಿನ್ ಎಂದು ಹೆಸರಿಟ್ಟರು. ಎಟಿಪಿಯ ಒಂದು ಅಣು ಖರ್ಚಾದರೆ ಒಂದು ಹೆಜ್ಜೆ, 8 ನ್ಯಾನೋಮೀಟರ್. ಪಾದ ಮುಟ್ಟಲು 12.5 ಕೋಟಿ ಹೆಜ್ಜೆ! ಒಬ್ಬನೇ ಹಮಾಲ ಅಷ್ಟು ನಡೆಯಲಾರ. ಬದಲಿ ಆಳುಗಳು ಬೇಕು. ವಾಪಸು ಹೊರುವ ಪ್ರೋಟೀನು ಡೈನೀನ್.

ಈ ಸಾಗಣೆ ಕೆಟ್ಟರೆ? ಕೈನೆಸಿನ್‌ನ ಒಂದು ಜೀನಿನ ದೋಷದಿಂದ ಕಾಲುಗಳು ಸೆಡೆತು ನಡಿಗೆಯೇ ಕಷ್ಟವಾಗುವ ಆನುವಂಶಿಕ ಕಾಯಿಲೆ ಬರುತ್ತದೆಂದು 2002ರಲ್ಲಿ ತಿಳಿಯಿತು.

ಜೀವಂತ ನರದಲ್ಲಿ ಸರಕು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸಂಧ್ಯಾ ಕೌಶಿಕ ಅವರ ತಂಡ ನೋಡತೊಡಗಿತು. ಆರಿಸಿಕೊಂಡದ್ದು 1 ಮಿ.ಮೀ. ಉದ್ದದ ಪಾರದರ್ಶಕ ಹುಳು. ಅರಿವಳಿಕೆ ಕೊಟ್ಟರೆ ಸಾಗಣೆಯೇ ಏರುಪೇರು; ಆದ್ದರಿಂದ ಮೆತ್ತನೆಯ ಪೊರೆಯಿಂದ ಹುಳುವನ್ನು ಒತ್ತಿಹಿಡಿಯುವ ಪುಟ್ಟ ಸಾಧನವನ್ನೇ ಬಳಸಿ, 2011ರಲ್ಲಿ ವಿವರ ಪ್ರಕಟಿಸಿದರು. ಮುಂದೆ ಕೌಶಿಕ ಮುಂಬೈನ ಟಿಐಎಫ್‌ಆರ್ ಸೇರಿದರು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ಸಾಲುಗಟ್ಟುವಂತೆ, ನಿಂತ ಸರಕಿನ ಬಳಿ ಬರುವ ಸರಕೂ ನಿಲ್ಲುವುದನ್ನು ಅವರು ಸಹೋದ್ಯೋಗಿಗಳೊಡನೆ 2018ರಲ್ಲಿ ವರದಿ ಮಾಡಿದರು. ಇಂಥ ಜಾಮ್ ಆಗುತ್ತಿದ್ದುದು ಆಕ್ಟಿನ್ ದಟ್ಟವಾಗಿರುವ ಕಡೆ. 1983ರಲ್ಲಿ ಮಣಿಗಳು ಓಡಿದ್ದು ಇದೇ ಆಕ್ಟಿನ್ ಮೇಲೆ!