ಕಾಮಾಲೆ ಮತ್ತು ಸಂಗಜರೋಗಗಳು

ಕಣ್ಣು ಹಳದಿಯಾದರೆ ಕಾಮಾಲೆಯೆಂದೂ ಅದು ಪಿತ್ತದ ವಿಕಾರವೆಂದೂ ಹೇಳುವುದು ಹಾಸನ ಸೀಮೆಯ ಬೆಟ್ಟದೂರುಗಳಲ್ಲಿಯೂ ರೂಢಿ. ಈ ರೂಢಿಗೆ ಶಾಸ್ತ್ರಾಧಾರವುಂಟು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮನುಷ್ಯನಿಂದ ಮನುಷ್ಯನಿಗೆ ಸಂಕ್ರಮಿಸತಕ್ಕ ರೋಗಗಳ ಪರಿಗಣನೆಯಿದೆ. ಪ್ರಸಂಗ, ಗಾತ್ರಸ್ಪರ್ಶ, ನಿಶ್ವಾಸ, ಸಹಭೋಜನ ಮೊದಲಾದುವು ದ್ವಾರಗಳು. ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದಗಳು ಹೆಸರಿಸಿದ ರೋಗಗಳು. ಪ್ರಸಂಗವೆಂದರೆ ಸ್ತ್ರೀಪುರುಷಸಂಗಮವೆಂದು ಅರ್ಥಮಾಡುವುದುಂಟು. ಕಾಮಾಲೆಯ ಹೆಸರು ಅಲ್ಲಿಲ್ಲ. ಚರಕಸಂಹಿತೆಯು ಅದನ್ನು ಪಾಂಡುರೋಗದ ಪ್ರಕರಣದಲ್ಲಿಟ್ಟು, ಪಾಂಡುರೋಗಿಯು ಪಿತ್ತಕರ ಪದಾರ್ಥಗಳನ್ನು ಅತಿಯಾಗಿ ಸೇವಿಸುವುದೇ ಕಾರಣವೆನ್ನುತ್ತದೆ. ಕಾಮವನ್ನು, ಎಂದರೆ ಅನ್ನದ ಅಭಿಲಾಷೆಯನ್ನು, ಕಳೆಯುವುದರಿಂದ ಕಾಮಲಾ ಎಂದು ವ್ಯುತ್ಪತ್ತಿ ಹೇಳುವವರುಂಟು. ಆ ಕಾಮವು ಸಂಗದ ಕಾಮವಲ್ಲ.

ಸಂಗಜರೋಗಗಳ ಪ್ರಕರಣವೇ ಬೇರೆ. ಉಪದಂಶವನ್ನು ಸುಶ್ರುತನೇ ಹೇಳಿದ್ದಾನೆ. 1495ರಲ್ಲಿ ನೇಪಲ್ಸ್ ನಗರವನ್ನು ಹಿಡಿದ ಫ್ರೆಂಚರ ದಂಡಿನಲ್ಲಿ ಹಬ್ಬಿದ ವ್ಯಾಧಿ ಯೂರೋಪಿನವರ ಹಡಗುಗಳೊಡನೆ ಈ ದೇಶಕ್ಕೆ ಬರಲು, ಹದಿನಾರನೆಯ ಶತಮಾನದ ಭಾವಮಿಶ್ರನು ಅದನ್ನು ಫಿರಂಗರೋಗವೆಂದು ಕರೆದು, ಫಿರಂಗಿಗಳ ಸಂಸರ್ಗವನ್ನು ಕಾರಣವಾಗಿ ಹೇಳಿ, ರಸಕರ್ಪೂರ ಚೋಪಚೀನಿಗಳನ್ನು ವಿಧಿಸಿದನು. ಪಾಳೆಯದಿಂದ ಪಾಳೆಯಕ್ಕೆ ನಡೆದ ರೋಗವಿದು. (ಆಲೂರು ತಾಲ್ಲೂಕಿನ ಪಾಳ್ಯದ ಹೆಸರಿನಲ್ಲಿರುವುದೂ ದಂಡಿನ ಬೀಡೆಂಬ ಅರ್ಥದ ಶಬ್ದವೇ, ಇದು ಪ್ರಾಸಂಗಿಕ.)

ಎರಡು ಪ್ರಕರಣಗಳೂ ಕೂಡಿದುದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ವಕ್ರಮಾರ್ಗದಿಂದ. 1910ರಲ್ಲಿ ಎರ್ಲಿಖನ ಸಾಲ್ವರ್ಸಾನ್ ಎಂಬ ಪಾಷಾಣೌಷಧವು ಪ್ರಚಾರಕ್ಕೆ ಬಂದಮೇಲೆ, ಅದನ್ನು ಚುಚ್ಚಿಸಿಕೊಂಡ ಫಿರಂಗರೋಗಿಗಳಲ್ಲಿ ಹಲವರಿಗೆ ತಿಂಗಳುಗಳು ಕಳೆದು ಕಾಮಾಲೆ ತೋರುತ್ತಿದ್ದಿತು. ಪಾಷಾಣದ ವಿಷವೆಂದರು ಕೆಲವರು. ಮೂಲರೋಗದ ವಿಕಾರವೆಂದರು ಕೆಲವರು. 1940ರ ದಶಕದಲ್ಲಿ ನಿಜ ತಿಳಿಯಿತು: ಸರಿಯಾಗಿ ಕುದಿಸದ ಪಿಚಕಾರಿಯು ಒಬ್ಬನ ರಕ್ತಲೇಶವನ್ನು ಮತ್ತೊಬ್ಬನಿಗೆ ಸಾಗಿಸುತ್ತಿದ್ದಿತು. 1947ರಲ್ಲಿ ಮ್ಯಾಕ್‌ಕ್ಯಾಲಮನು ಅನ್ನಪಾನಗಳಿಂದ ಬರುವ ಯಕೃತ್ತಿನ ಉರಿಗೆ ‘ಎ’ ಎಂದೂ, ರಕ್ತದಿಂದ ಬರುವುದಕ್ಕೆ ‘ಬಿ’ ಎಂದೂ ಹೆಸರಿಟ್ಟನು. 1965ರಲ್ಲಿ ಬ್ಲೂಂಬರ್ಗನು ಪ್ರಕಟಿಸಿದ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ದ್ರವ್ಯವು ಬಿ ವೈರಸ್ಸಿನ ಹೊರಕವಚವೆಂದು ಮುಂದೆ ಸ್ಥಿರಪಟ್ಟಿತು. ರಕ್ತಪರೀಕ್ಷೆ ಸಾಧ್ಯವಾಗಲು, ಸಂಗವೂ ಅದರ ದ್ವಾರವೆಂಬುದು 1970ರ ದಶಕದಲ್ಲಿ ನಿಶ್ಚಿತವಾಯಿತು. ಎಚ್‌ಐವಿಯ ದ್ವಾರಗಳೂ ಅವೇ. ಎರಡೂ ಒಂದೇ ದೇಹವನ್ನು ಹೊಕ್ಕರೆ ಯಕೃತ್ತಿನ ನಾಶವು ಶೀಘ್ರತರವಾಗುತ್ತದೆ.

ಇಲ್ಲಿ ಮುಖ್ಯವಾಗಿ ವಿಚಾರಣೀಯವಾದುದು ವರ್ಣ. ಕಾಮಾಲೆಯ ನಿರ್ಣಯವೆಲ್ಲ ಹಳದಿಯ ಮೇಲೆ ನಿಂತಿದೆ. ಆದರೆ ಬಿ ವೈರಸ್ಸನ್ನು ವರ್ಷಗಟ್ಟಲೆ ಧರಿಸಿರುವವನಲ್ಲಿ ಹಳದಿ ಕಾಣದಿರುವುದೇ ಹೆಚ್ಚು. ಅವನಿಂದ ಪತ್ನಿಗೆ, ಅವಳಿಂದ ಪ್ರಸವಕಾಲದಲ್ಲಿ ಶಿಶುವಿಗೆ ರೋಗವು ನಿಶ್ಶಬ್ದವಾಗಿ ಸಾಗಬಹುದು. ಹೊಸದಾಗಿ ಸೋಂಕಿದ ಪ್ರೌಢರಲ್ಲಿಯೋ ನೂರಕ್ಕೆ ಸುಮಾರು 95 ಮಂದಿ ತಾವಾಗಿಯೇ ಗುಣಹೊಂದುತ್ತಾರೆ. ಆ ಕೀರ್ತಿಯು ಮಳೆಗಾಲದಲ್ಲಿ ಬದುಗಳ ಮೇಲೆ ಮೊಳೆಯುವ ನೆಲನೆಲ್ಲಿಗೆ ಸಲ್ಲುತ್ತದೆ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮೊದಲಾದವರು, ಬ್ಲೂಂಬರ್ಗನೊಡಗೂಡಿ, ಆ ಮೂಲಿಕೆಯಿಂದ ಹಲವರ ರಕ್ತವು ಶುದ್ಧವಾಯಿತೆಂದು ಪ್ರಕಟಿಸಿದರು. ಬೇರೆಡೆಯ ಪರೀಕ್ಷೆಗಳಲ್ಲಿ ಆ ಫಲವು ಮರಳಿ ಕಾಣಲಿಲ್ಲ. ಮೂಲಿಕೆಯನ್ನು ಹಳಿಯಬೇಕಾಗಿಲ್ಲ, ಹಳದಿ ಇಳಿಯಿತೆಂದು ಮನೆಯವರ ರಕ್ತಪರೀಕ್ಷೆಯನ್ನು ಕೈಬಿಡುವುದೇ ಅನರ್ಥಮೂಲ.

ಕರ್ನಾಟಕದ ಸಾರ್ವತ್ರಿಕ ಲಸಿಕಾಕ್ರಮದಲ್ಲಿ ಶಿಶುಗಳಿಗೆ ಬಿ ಲಸಿಕೆಯು ಸೇರತೊಡಗಿದುದು 2007–08ರಲ್ಲಿ. ಅದಕ್ಕೆ ಮೊದಲು ಹುಟ್ಟಿ, ಬೇರೆಯಾಗಿ ಹಾಕಿಸಿಕೊಳ್ಳದಿರುವವರು, ಪಾಳ್ಯದವರಾಗಲಿ ಪಟ್ಟಣದವರಾಗಲಿ, ಆ ರಕ್ಷೆಯ ಹೊರಗೇ ಇದ್ದಾರೆ.