ಸೊಕ್ಕು, ರೊಕ್ಕ ಮತ್ತು ಕರೆ: ಕರಾವಳಿಯ ಬಾಸೆಲ್ ಮಿಷನ್ ಉದ್ಯಮಗಳ ಇತಿಹಾಸದಿಂದ ಕೆಲವು ಚಿಂತನೆಗಳು

‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ’ ಎಂಬ ಗಾದೆ ಉತ್ತರ ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ. ಕುಮಟಾ ತಾಲೂಕಿನ ಕಾಡಿನ ನಡುವೆ ಸುಮಾರು 120 ಮೀಟರ್ ಎತ್ತರಕ್ಕೆ ನಿಂತಿರುವ ಯಾಣದ ಭೈರವೇಶ್ವರ ಶಿಖರವನ್ನು ತಲುಪಲು ಹಿಂದೆ ಮೈಯಲ್ಲಿ ಕಸುವೂ ಎದೆಯಲ್ಲಿ ಕೆಚ್ಚೂ ಬೇಕಿದ್ದವು. ಗೋಕರ್ಣದ ಯಾತ್ರೆಗೆ ಕೈಯಲ್ಲಿ ಹಣ ಬೇಕಿತ್ತು. ಮನುಷ್ಯನು ಕೈಗೊಳ್ಳುವ ಸಾಹಸಗಳನ್ನೆಲ್ಲ ಗಾದೆಯು ಈ ಎರಡೇ ಬಂಡವಾಳಗಳಿಂದ ಅಳೆಯುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಯುವಜನರು ಈಚಿನ ವರ್ಷಗಳಲ್ಲಿ ಗುರುಗಳ ಮುಂದೆ ಇಡುವ ಒಂದು ಪ್ರಶ್ನೆ ಈ ಗಾದೆಯನ್ನು ಮತ್ತೆ ಮತ್ತೆ ನೆನಪಿಗೆ ತರುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯ ಕೆಲಸವನ್ನು ಬಿಟ್ಟು ಊರಿಗೆ ಮರಳಿ, ಮುರುಗಲು ಶರಬತ್ತನ್ನೋ ಅಪ್ಪೆಮಿಡಿ ಉಪ್ಪಿನಕಾಯಿಯನ್ನೋ ತಯಾರಿಸುವ ಒಂದು ಕಿರು ಉದ್ಯಮವನ್ನು ಆರಂಭಿಸಿ, ಅದನ್ನು ವಿಶ್ವಾಸದ ಬೆಳಕಿನಲ್ಲಿ ನಡೆಸಬೇಕೆಂಬ ಹಂಬಲ ಅವರದು. ‘ಇದು ದೇವರ ಕರೆಯೋ, ನನ್ನ ಸೊಕ್ಕೋ?’ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರಿಸುವ ಮೊದಲು, ನಮ್ಮದೇ ಕರಾವಳಿಯಲ್ಲಿ ವಿಶ್ವಾಸದಿಂದ ಹುಟ್ಟಿದ ಉದ್ಯಮಗಳ ಅನುಭವವೇನು ಎಂಬುದನ್ನು ಪರಿಶೀಲಿಸುವುದು ಉಚಿತ. ಆ ಅನುಭವ ಹೆಚ್ಚಾಗಿ ನಮ್ಮ ಪ್ರೊಟೆಸ್ಟೆಂಟ್ ಸಹೋದರರದು. ಆದರೆ ಅದರ ಪಾಠ ಎಲ್ಲರಿಗೂ ಸೇರಿದ್ದು.

ಕೊರತೆಯಿಂದ ಹುಟ್ಟಿದ ಕೆಲಸ

1833ರ ಸನದು ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರ್ 30ರಂದು, ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರನ್ನು ತಲುಪಿದರು. ಅವರು ಬಂದದ್ದು ಸುವಾರ್ತೆಯನ್ನು ಸಾರಲು. ಕಾರ್ಖಾನೆ ಕಟ್ಟುವ ಯೋಚನೆ ಆಗ ಯಾರಿಗೂ ಇರಲಿಲ್ಲ.

ಆ ಯೋಚನೆಯನ್ನು ಅವರ ಮೇಲೆ ಹೊರಿಸಿದ್ದು ಪರಿಸ್ಥಿತಿ. ದೀಕ್ಷಾಸ್ನಾನ ಪಡೆದವನು ಕುಟುಂಬದ ಆಸ್ತಿಯ ಪಾಲನ್ನೂ ಗೇಣಿಯ ಗದ್ದೆಯನ್ನೂ ಜಾತಿಯೊಡನೆ ಬೆಸೆದುಕೊಂಡಿದ್ದ ಕಸುಬನ್ನೂ ಕಳೆದುಕೊಳ್ಳುವ ಸಂಭವವಿತ್ತು. ಬಿಲ್ಲವ ಸಮುದಾಯದಿಂದ ಬಂದವರ ಪಾಡು ಇನ್ನೂ ಕಠಿಣವಾಗಿತ್ತು. ಶೇಂದಿ ಇಳಿಸುವುದನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಒಂದು ಕಡೆ ಊರು ಕೈಬಿಟ್ಟಿತು, ಇನ್ನೊಂದು ಕಡೆ ಹೊಸ ಸಭೆ ಹಳೆಯ ಕಸುಬನ್ನು ಬಿಡಿಸಿತು. ಹಾಗೆ ಬಿಡಿಸಿದವರಿಗೆ ಅನ್ನದ ದಾರಿ ತೋರಿಸುವ ಹೊಣೆಯೂ ಇತ್ತು. ಬೇಸಾಯ, ಮರಗೆಲಸ, ಗಡಿಯಾರ ತಯಾರಿಕೆ ಮೊದಲಾದವುಗಳನ್ನು ಪ್ರಯತ್ನಿಸಲಾಯಿತು. ಅವು ಹೆಚ್ಚು ಕಾಲ ನಿಲ್ಲಲಿಲ್ಲ. ಸದುದ್ದೇಶವಿದ್ದ ಮಾತ್ರಕ್ಕೆ ಸರಕು ಮಾರಾಟವಾಗುವುದಿಲ್ಲ ಎಂಬುದು ಅವರು ಕಲಿತ ಮೊದಲ ಪಾಠವಾಯಿತು.

ಕಸುಬನ್ನು ಹೊತ್ತು ಬಂದವರು

ಮುಂದೆ ಬಂದ ಕೆಲವರು ಹೆರ್ಮನ್ ಮೋಗ್ಲಿಂಗ್ ಅಥವಾ ಗುಂಡರ್ಟರಂತೆ ವಿದ್ವಾಂಸರಲ್ಲ. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆ ಬಲ್ಲವರು. ಅದೇ ವರ್ಷ ಮುದ್ರಣಾಲಯದ ಕೆಲಸಕ್ಕಾಗಿ ಬಂದ ಜಾರ್ಜ್ ಪ್ಲೆಬ್ಸ್ಟ್ ಯಂತ್ರಕುಶಲಿ. ಅದೇ ದಶಕದಲ್ಲಿ ಬಂದ ಗಾಟ್ಲೋಬ್ ಪ್ಫ್ಲೈಡರರ್ ವ್ಯಾಪಾರದಲ್ಲಿ ಪಳಗಿದವರು. ಸ್ವದೇಶದಲ್ಲಿ ಜೀವನ ಕಟ್ಟಿಕೊಳ್ಳಬಹುದಾಗಿದ್ದ ಈ ಜನರು ದೇಶವನ್ನು ಬಿಟ್ಟರೇ ಹೊರತು ಕಸುಬನ್ನು ಬಿಡಲಿಲ್ಲ. ಅದನ್ನೇ ಸೇವೆಯ ಸಾಧನವನ್ನಾಗಿ ಮಾಡಿಕೊಂಡರು.

ಹಾಲರರ ನೇಯ್ಗೆಶಾಲೆಯ ಖಾಕಿ ಬಟ್ಟೆ ಪೊಲೀಸರ ಸಮವಸ್ತ್ರಕ್ಕೆ ಬಳಕೆಯಾಗಿ ಹೆಸರು ಗಳಿಸಿತು. ಆರೋಗ್ಯ ಕೆಟ್ಟು ಸ್ವದೇಶಕ್ಕೆ ತೆರಳಿದ್ದ ಪ್ಲೆಬ್ಸ್ಟ್ ಅಲ್ಲಿ ಮಣ್ಣಿನ ಕೆಲಸವನ್ನು ಅಭ್ಯಸಿಸಿ ಮರಳಿದರು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನದಿಯ ಬಯಲಿನ ಜೇಡಿಮಣ್ಣು, ಘಟ್ಟದ ಕಟ್ಟಿಗೆ, ಸಮುದ್ರದ ಸಾಗಣೆ, ಕೆಲಸ ಬೇಕಾಗಿದ್ದ ಕೈಗಳು: ಇವು ನಾಲ್ಕೂ ಅಲ್ಲಿಯೇ ಇದ್ದವು. ಹುಲ್ಲಿನ ಮಾಡಿನ ಬೆಂಕಿಯ ಭಯವನ್ನೂ ವರ್ಷವರ್ಷದ ಹೊದಿಕೆಯ ಖರ್ಚನ್ನೂ ತಪ್ಪಿಸುವ ಹೆಂಚು ನೆರೆಯವರಿಗೂ ಬೇಕಾಗಿತ್ತು. 1868ರಲ್ಲಿ ಪಾಣೆಮಂಗಳೂರಿನಲ್ಲಿ ಕಥೋಲಿಕರಾದ ಅಲ್ಬುಕರ್ಕ್ ಮನೆತನದವರು ತಮ್ಮದೇ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು.

ಅದೇ 1865ನೆಯ ವರ್ಷವನ್ನು ಕುಮಟಾದಿಂದ ನೋಡಿದರೆ ಚಿತ್ರ ಬೇರೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರೇ ಹೊರದೇಶದ ಪೇಟೆಯಲ್ಲಿ ನಿಂತಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಅನೇಕ ವ್ಯಾಪಾರಗೃಹಗಳು ದಿವಾಳಿಯಾದವು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಬಂದರಿಗೇ ಮಂಕು ಕವಿಯಿತು. ರೊಕ್ಕವಿದ್ದ ವ್ಯಾಪಾರ ದೂರದ ಯುದ್ಧವೊಂದರ ಬೆನ್ನೇರಿತ್ತು. ಜೆಪ್ಪುವಿನ ಗೂಡು ಹತ್ತಿರದವರ ಅಗತ್ಯದ ಮೇಲೆ ನಿಂತಿತ್ತು. ಇದನ್ನು ದೈವಕೃಪೆಯ ಪವಾಡವೆಂದು ಬಣ್ಣಿಸುವುದು ತಪ್ಪಾದೀತು. ಆದರೆ ಉದ್ಯಮವೊಂದು ಯಾರ ಅಗತ್ಯಕ್ಕೆ ಕಿವಿಗೊಡುತ್ತದೆ ಎಂಬುದು ಮುಖ್ಯವೆಂದು ಹೇಳಲು ಇಷ್ಟು ಸಾಕು.

ಯಶಸ್ಸಿನ ಪರೀಕ್ಷೆ

1852ರಲ್ಲಿ ಬಾಸೆಲ್‌ನಲ್ಲಿ ಕೈಗಾರಿಕಾ ಆಯೋಗವೊಂದು ರಚನೆಯಾಯಿತು; 1859ರಲ್ಲಿ ಮಿಷನ್ ವ್ಯಾಪಾರ ಕಂಪನಿ ಸ್ಥಾಪನೆಯಾಯಿತು. ಷೇರುದಾರರ ಲಾಭಾಂಶಕ್ಕೆ ಮಿತಿ ಹಾಕಿ, ಮಿಕ್ಕಿದ ಲಾಭದ ಪಾಲು ಮಿಷನ್ನಿನ ಸೇವೆಗೆ ಸಲ್ಲಬೇಕೆಂದು ವಿಧಿಸಲಾಗಿತ್ತು. ಈ ಮಿತಿಯೇ ಆ ಪ್ರಯೋಗದ ಅತ್ಯಂತ ಮೌಲಿಕ ಅಂಶವೆಂದು ನನ್ನ ಅಭಿಪ್ರಾಯ. ಕಾರ್ಖಾನೆಗಳು ಮಲ್ಪೆ, ಕೋಝಿಕ್ಕೋಡು, ಪಾಲಕ್ಕಾಡು, ಫರೋಕ್‌ಗಳಿಗೆ ಹಬ್ಬಿದವು. ಸಾವಿರಾರು ಜನ ಅವುಗಳನ್ನು ನಂಬಿ ಬದುಕಿದರು.

ಆದರೆ ಕೊರತೆಯಿಂದ ಹುಟ್ಟಿದ ಕಿರು ಉದ್ಯಮ ಸ್ವತಃ ಒಂದು ದೊಡ್ಡ ಕಂಪನಿಯಾಯಿತು. ದೀಕ್ಷೆ ಕೊಡುವ ಸಂಸ್ಥೆಯೇ ಸಂಬಳವನ್ನೂ ಕೊಡತೊಡಗಿತು. ಅನೇಕರಿಗೆ ಮನೆಯ ನೆಲದ ಒಡೆತನವೂ ಅದರದೇ. ಸಭೆಯ ಪಾಲಕನಿಗೆ ‘ಇಲ್ಲ’ ಎನ್ನಬೇಕಾದ ವಿಶ್ವಾಸಿಯೊಬ್ಬನು ತನ್ನ ಧಣಿಗೂ ‘ಇಲ್ಲ’ ಎನ್ನಬೇಕಾಯಿತು. ಇಂಥಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಎಷ್ಟು ಉಳಿದೀತು? ಮಿಷನ್ನಿನ ಒಳಗಿದ್ದವರೇ ಈ ಅವಲಂಬನೆಯ ಬಗ್ಗೆ ಕಳವಳಪಟ್ಟಿದ್ದರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಸಿಬ್ಬಂದಿ ಬಂಧನಕ್ಕೊಳಗಾದರು. ಉದ್ಯಮಗಳು ಸರ್ಕಾರದ ವಶವಾಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಹೊರಗಿನವರ ಕೈಯಲ್ಲಿದ್ದ ಬೀಗದಕೈ ಹೊರಗಿನವರಿಗೇ ಹಸ್ತಾಂತರವಾಯಿತು. ಹೆಂಚು ಸುಟ್ಟ ಕೈಗಳನ್ನು ಯಾರೂ ಕೇಳಲಿಲ್ಲ.

ಶುಭಸಂದೇಶದ ಬೆಳಕಿನಲ್ಲಿ

ಸುಂಕದ ಕಟ್ಟೆಯನ್ನು ಬಿಟ್ಟೆದ್ದ ಮತ್ತಾಯನನ್ನು ನಾವು ಉದ್ಯೋಗತ್ಯಾಗದ ಮಾದರಿಯಾಗಿ ಸ್ಮರಿಸುತ್ತೇವೆ. ಮಹಾ ಸಂತ ಗ್ರೆಗೋರಿಯವರು ತಮ್ಮ ಪ್ರಬೋಧನೆಯೊಂದರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದ್ದಾರೆ: ಪುನರುತ್ಥಾನದ ನಂತರ ಪೇತ್ರನು ಮೀನುಗಾರಿಕೆಗೆ ಮರಳಿದನು, ಮತ್ತಾಯನು ಮಾತ್ರ ಕಟ್ಟೆಗೆ ಮರಳಲಿಲ್ಲ. ಪಾಪವಿಲ್ಲದೆ ನಡೆಸಬಹುದಾದ ಕಸುಬಿಗೆ ಮರಳುವುದು ತಪ್ಪಲ್ಲ ಎಂಬುದು ಅವರ ವಿವರಣೆಯ ಸಾರ. ಆದ್ದರಿಂದ ಕಂಪನಿಯ ಕೆಲಸವೆಲ್ಲ ಸುಂಕದ ಕಟ್ಟೆಯಲ್ಲ. ಅದನ್ನು ಬಿಡುವುದೇ ಪಾವಿತ್ರ್ಯವೂ ಅಲ್ಲ. ರೋಮಿನಿಂದ ಹೊರದೂಡಲ್ಪಟ್ಟು ಕೊರಿಂಥಕ್ಕೆ ಬಂದ ಅಕ್ವಿಲ ಮತ್ತು ಪ್ರಿಸಿಲ್ಲರ ಗುಡಾರದ ಕಸುಬಿನಲ್ಲಿ ಪೌಲನು ಜೊತೆಗೂಡಿದಾಗ, ಅವನ ಉದ್ದೇಶ ಯಾರಿಗೂ ಹೊರೆಯಾಗದೆ ಸುವಾರ್ತೆಯನ್ನು ಸ್ವತಂತ್ರವಾಗಿ ಸಾರುವುದಾಗಿತ್ತು. ಬಾಸೆಲ್ ಮಿಷನ್ನಿನಲ್ಲಿ ದುಡಿಮೆಯೂ ಸುವಾರ್ತೆಯೂ ಇದ್ದವು. ಕ್ರಮೇಣ ಸೊರಗಿದ್ದು ಈ ಸ್ವಾತಂತ್ರ್ಯ.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ವಿಶ್ವಪರಿಪತ್ರದಲ್ಲಿ ದುಡಿಯುವವರ ನ್ಯಾಯವಾದ ಕೂಲಿಯನ್ನೂ ಸಂಘಟನೆಯ ಹಕ್ಕನ್ನೂ ಎತ್ತಿಹಿಡಿದರು. ನೂರು ವರ್ಷಗಳ ನಂತರ, 1991ರಲ್ಲಿ, ಕಿಯಾರಾ ಲೂಬಿಕ್ ಬ್ರೆಜಿಲ್‌ನಲ್ಲಿ ಆರಂಭಿಸಿದ ‘ಸಹಭಾಗಿತ್ವದ ಅರ್ಥವ್ಯವಸ್ಥೆ’ಯು ಲಾಭವನ್ನು ಬಡವರಿಗೆ, ಕೊಡುವ ಸಂಸ್ಕೃತಿಯ ಬೋಧನೆಗೆ ಮತ್ತು ಉದ್ಯಮದ ಬೆಳವಣಿಗೆಗೆ ಎಂದು ಮೂರು ಪಾಲು ಮಾಡುವ ಕ್ರಮವನ್ನು ಹಾಕಿಕೊಟ್ಟಿತು. ಜೆಪ್ಪುವಿನ ಅನುಭವವನ್ನು ಇವುಗಳ ಜೊತೆಗಿಟ್ಟು ನೋಡಿದರೆ, ಊರಿಗೆ ಮರಳುವ ಯುವಜನರು ತಮ್ಮನ್ನೇ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು ದೊರೆಯುತ್ತವೆ. ಈ ಕೆಲಸಕ್ಕೆ ನನ್ನನ್ನು ಕರೆದದ್ದು ನನ್ನ ಬೇಸರವೋ, ನೆರೆಯವರ ಕೊರತೆಯೋ? ಲಾಭಕ್ಕೆ ಮಿತಿಯನ್ನು ಗಳಿಸುವ ಮೊದಲೇ ಹಾಕಿಕೊಂಡಿದ್ದೇನೆಯೋ? ನನ್ನ ಬಳಿ ದುಡಿಯುವವರು ಭಯವಿಲ್ಲದೆ ನನಗೆ ‘ಇಲ್ಲ’ ಎನ್ನಬಲ್ಲರೋ? ಗುರುಗಳಾದ ನಮಗೂ ಒಂದು ಎಚ್ಚರಿಕೆ ಇದೆ: ಇಂಥ ಉದ್ಯಮವನ್ನು ಆಶೀರ್ವದಿಸೋಣ, ಅದರ ಗಲ್ಲಾಪೆಟ್ಟಿಗೆಯ ಬಳಿ ಮಾತ್ರ ಕೂರದಿರೋಣ.

ಇಂದು ವಾಹನಗಳು ಯಾಣದ ಶಿಖರದ ಸಮೀಪದವರೆಗೂ ಹೋಗುತ್ತವೆ. ಅಲ್ಲಿಗೆ ಹೋಗಲು ಮೊದಲಿನಷ್ಟು ಸೊಕ್ಕು ಬೇಕಾಗಿಲ್ಲ. ಆ ದಾರಿಯ ಹಳೆಯ ಮನೆಗಳ ಮಾಡಿನ ಮೇಲೆ ಮಂಗಳೂರು ಹೆಂಚು ಇನ್ನೂ ಕಾಣಸಿಗುತ್ತದೆ. ಮಳೆಗಾಲದಲ್ಲಿ ಅದರಡಿ ನಿಂತವರು ಹೆಂಚನ್ನು ಮಾಡಿದವರ ಸಭೆ ಯಾವುದೆಂದು ಕೇಳುವುದಿಲ್ಲ. ಮಾಡು ಸೋರುತ್ತದೆಯೇ ಎಂದಷ್ಟೇ ನೋಡುತ್ತಾರೆ. ವಿಶ್ವಾಸದಿಂದ ಉದ್ಯಮ ನಡೆಸಬೇಕೆನ್ನುವವರು ಮೊದಲು ಉತ್ತರಿಸಬೇಕಾದದ್ದು ಆ ನೋಟಕ್ಕೆ.