ಒಂಬತ್ತು ಅಂದ್ರೆ ಯಾವ ಒಂಬತ್ತು?

ಹಳೇ ಸೀಕೋ ವಾಚಿನ ಹಿಂಬದಿ ಮುಚ್ಚಳದ ಮೇಲೆ ಒಂದು ಸೀರಿಯಲ್ ನಂಬರ್ ಇರುತ್ತೆ. ಅದರ ಮೊದಲನೇ ಅಂಕಿ ವಾಚು ತಯಾರಾದ ಇಸವಿಯ ಕೊನೇ ಅಂಕಿ, ಎರಡನೆಯದು ತಿಂಗಳು. ದಶಕ ಯಾವುದು ಅನ್ನೋದು ಮಾತ್ರ ಆ ನಂಬರಿನಲ್ಲಿ ಇಲ್ಲ. ವೈಟೂಕೆ ತಲೆನೋವು ನಾವು ಸಾಫ್ಟ್‌ವೇರಿನವರು ಮಾತ್ರ ತಂದುಕೊಂಡಿದ್ದಲ್ಲ ನೋಡಿ!

6139 ಅನ್ನೋ ಮಾಡೆಲ್ ತಗೊಳ್ಳಿ. ಕೀ ಕೊಡೋದೇ ಬೇಡದ, ಜೊತೆಗೆ ಸ್ಟಾಪ್‌ವಾಚೂ ಇರೋ ಕೈಗಡಿಯಾರವನ್ನ ಮೊದಲು ಯಾರು ಮಾಡ್ತಾರೆ ಅಂತ ಸ್ವಿಸ್ ಕಂಪನಿಗಳಿಗೂ ಜಪಾನಿಗೂ ಪೈಪೋಟಿ ನಡೆದಾಗ, 1969ರಲ್ಲಿ ಬಂದದ್ದು ಇದು. 1973ರಲ್ಲಿ ಗಗನಯಾತ್ರಿ ವಿಲಿಯಂ ಪೋಗ್ ಸ್ಕೈಲ್ಯಾಬಿಗೆ ಇದನ್ನೇ ಒಯ್ದಿದ್ರು. ನಾಸಾ ಕೊಟ್ಟಿದ್ದಲ್ಲ, ಅವರ ಸ್ವಂತದ್ದು. ಎಪ್ಪತ್ತರ ದಶಕದ ಕೊನೆವರೆಗೂ ಈ ವಾಚು ತಯಾರಾಯ್ತು. ಹಾಗಾದ್ರೆ ನಂಬರ್ 9ರಿಂದ ಶುರುವಾದ್ರೆ ಅದು 1969ರದ್ದೋ, 1979ರದ್ದೋ?

ಉತ್ತರ ಡಯಲ್ ಮೇಲಿದೆ. ಮೊದಮೊದಲ ಡಯಲ್‌ಗಳಲ್ಲಿ ‘ವಾಟರ್ 70ಎಂ ಪ್ರೂಫ್’ ಅಂತ ಸಣ್ಣಕ್ಷರದಲ್ಲಿ ಇರುತ್ತಿತ್ತು. ಆಮೇಲೆ ‘ಪ್ರೂಫ್’ ಹೋಗಿ ‘ರೆಸಿಸ್ಟ್’ ಬಂತು. ಮುಚ್ಚಳದ ಮೇಲೂ ಸುಳಿವು ಸಿಗುತ್ತೆ ನಿಜ, ಆದ್ರೆ ರಿಪೇರಿ ಟೇಬಲ್ ಮೇಲೆ ಮುಚ್ಚಳಗಳು ಸುಲಭವಾಗಿ ಅದಲುಬದಲಾಗ್ತವೆ.

ನಮ್ಮ ದೇಶದಲ್ಲಿ ಹಳೇ ಸೀಕೋಗಳ ಡಯಲ್‌ಗೆ ಹೊಸ ಬಣ್ಣ ಹೊಡೆದು ಮಾರೋದು ಒಂದು ಕಸುಬೇ ಆಗಿದೆ. ಹೊರದೇಶದ ಸಂಗ್ರಾಹಕರು ಅಂಥವನ್ನ ‘ಮುಂಬೈ ಸ್ಪೆಷಲ್’ ಅಂತ ಗೇಲಿ ಮಾಡ್ತಾರೆ. ನನಗೆ ಆ ಗೇಲಿ ಇಷ್ಟ ಇಲ್ಲ. ಕಡಿಮೆ ದುಡ್ಡಿಗೆ ನಡೆಯೋ ವಾಚು ಬೇಕಾದವನಿಗೆ ಅದು ಸಾಕು. ಆದ್ರೆ ಹೊಸ ಬಣ್ಣ ಬಿದ್ದ ಮೇಲೆ ಆ 9 ಯಾವ ದಶಕದ್ದು ಅಂತ ಹೇಳೋ ಸಾಕ್ಷಿ ಅಳಿಸಿಹೋಯ್ತು.

ನಾನಂತೂ ವಾಚು ಬಿಚ್ಚಿದ್ರೆ ಎಣ್ಣೆ, ಗ್ಯಾಸ್ಕೆಟ್, ಗಾಜು ಇಷ್ಟಕ್ಕೇ ಕೈ ಹಾಕೋದು. ಡಯಲ್ ಮಾಸಿದ್ರೆ ಮಾಸಲಿ. ಆ ‘ಪ್ರೂಫ್’ ಅನ್ನೋ ಪದ ಓದೋಕೆ ಬಂದ್ರೆ ಸಾಕು.